ಭೂಮಿ ಕಾವು ಮತ್ತು ದೊಡ್ಡಪ್ಪನ ಲೆಕ್ಕ

ಕಡ್ಲಿ ಬಿತ್ತಿಗಿ ಹತ್ರ ಬಂತು, ಅದಕ್ಕ ಈ ಸಲ ಸ್ವಲ್ಪ ಉದ್ದ ಬರಿಯಾಕತ್ತೇನಿ.

ಎರಡು ವರ್ಷದ ಹಿಂದ ಉತ್ತರಿ ಮಳಿ ಹಸಿ ನೋಡಿ ಅವಸರ ಮಾಡಿದೆ. ಒಡ್ಡಿನ ಕೆಳಗಿನ ನಾಕು ಎಕರೆ ಎರಿಗೆ ಅಣ್ಣಿಗೇರಿ-1 ಬಿತ್ತಿಬಿಟ್ಟೆ. ಹಿಂದಿನ ದಿನ ದೊಡ್ಡಪ್ಪ ಬಂದು, ಚಪ್ಪಲಿ ಬಿಟ್ಟು ಹೊಲದಾಗ ನಿಂತು, ಒಂದು ಗೇಣು ಮಣ್ಣು ತೆಗದು ಅಂಗೈ ಇಟ್ಟು ನೋಡಿದ. "ತಮ್ಮಾ, ಭೂಮಿ ಇನ್ನ ಕಾವು ಐತಿ. ಸಿಡಿ ಹಾಯ್ತೈತಿ" ಅಂದ. ಮೊಬೈಲ್ ಒಳಗ ಮುಂದ ಮಳಿ ಇಲ್ಲ ಅಂತಿತ್ತು, ಹಸಿ ಹೋದೀತು ಅಂತ ನಾನು ಕೇಳಲಿಲ್ಲ. ತಿಂಗಳು ತುಂಬೂದ್ರಾಗ ಸಾಲಿಗೆ ಸಾಲು ಒಣಗಿ ನಿಂತ್ವು. ಬೀಜದ ರೊಕ್ಕ ಕೂಡ ವಾಪಸ್ ಬರಲಿಲ್ಲ.

ಸಿಡಿ ಅಂದ್ರ ಮಣ್ಣಾಗ ಉಳಿಯೂ ಶಿಲೀಂಧ್ರ, ನೆಲ ಬೆಚ್ಚಗಿದ್ದಷ್ಟು ಜೋರು. ಇದು ಪುಸ್ತಕದಾಗೂ ಐತಿ. ದೊಡ್ಡಪ್ಪ ಪುಸ್ತಕ ಓದಿಲ್ಲ, ಅಂಗಾಲಿನಿಂದ ಓದಿದ್ದ ಅಷ್ಟ.

ಹೋದ ವರ್ಷ ಪರೀಕ್ಷೆ ಮಾಡೂಣು ಅಂದೆ. ಅಂವ ಲಗೂನ ಒಪ್ಪಲಿಲ್ಲ. ಕಾರಣ ಐತಿ. ಹಿಂದೊಮ್ಮೆ ಯಾರೋ ಬಂದು ಫಾರ್ಮ್ ತುಂಬಿಸಿಕೊಂಡು, ಚೀಲದಾಗ ಮಣ್ಣು ಒಯ್ದಿದ್ರು. ಮಣ್ಣಿನ ಬಗ್ಗೆ ಫಾರ್ಮಿನಾಗ ಇದ್ದದ್ದು ಕಪ್ಪು, ಕೆಂಪು ಅಂತ ಎರಡ ಮನಿ. ನಮ್ಮ ಒಂದ ಹೊಲದಾಗ ಎರಿ ಐತಿ, ಕರ್ಲ ಐತಿ, ನಡುವ ನೀರು ನಿಲ್ಲೂ ತಗ್ಗು ಐತಿ, ಅದನ್ನ ಬರಿಯಾಕ ಜಾಗಾನ ಇರಲಿಲ್ಲ. ಮಣ್ಣಿನ ಫಲಿತಾಂಶ ಇವತ್ತಿಗೂ ಬಂದಿಲ್ಲ. "ನೀನೂ ಹಂಗ ಮಾಡೂದಾದ್ರ ಬ್ಯಾಡ. ಎಣಿಸುವಾಗ ನಾನೂ ಇರತೇನಿ. ಏನು ಬಂತು ಅಂತ ಮೊದ್ಲು ನನಗ ಹೇಳಬೇಕು" ಅಂದ.

ನ್ಯೂಜಿಲೆಂಡಿನ ಮಾವೊರಿ ಸಮುದಾಯದ ಲಿಂಡಾ ತುಹಿವಾಯಿ ಸ್ಮಿತ್ ಅನ್ನೂ ಪ್ರಾಧ್ಯಾಪಕಿ 1999ರೊಳಗ ಒಂದು ಪುಸ್ತಕ ಬರದಾರ. ಈ ಸಂಶೋಧನೆ ಯಾರದು, ಲಾಭ ಯಾರಿಗೆ, ಇದ ಅವರ ಪ್ರಶ್ನೆ. ದೊಡ್ಡಪ್ಪನ ಷರತ್ತು ಮತ್ತೇನ್ರಿ?

ನಮ್ಮ ರಾಜ್ಯದಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದೂ ಇಂಥದ ಕಥಿ. ಮೊದಲು ಅವರು ಬ್ಯಾಸಿಗಿ ಏರೂ ಮುಂಚೆ ಒಣ ಎಲಿಗೆ ಸಣ್ಣ ಬೆಂಕಿ ಹಚ್ಚತಿದ್ರು, ತರಗು ಬೆಂಕಿ ಅಂತಾರ. 1974ಕ್ಕ ಕಾಡು ವನ್ಯಧಾಮ ಆತು, ಬೆಂಕಿ ನಿಂತಿತು. ಅದಕ್ಕ ಲಂಟಾನಾ ತುಂಬಿತು, ನೆಲ್ಲಿ ಗಿಡಕ್ಕ ಬಂದಳಿಕಿ ಹೆಚ್ಚಾತು ಅಂತ ಅವರ ಮಾತು. ಬಹಳ ದಿನ ನೆಲ್ಲಿಕಾಯಿ ಕಿತ್ತಿದ್ದ ತಪ್ಪು ಅನ್ನೋ ದೃಷ್ಟಿಯೊಳಗ ನೋಡತಿದ್ರು. ಆಮೇಲೆ ಸಂಶೋಧಕರು ಸೋಲಿಗರ ಮಾತನ್ನ ತಮ್ಮ ಅಳತಿ ಜೋಡಿ ಇಟ್ಟು ನೋಡಿ, ಅದು ಕಾಡು ನಿರ್ವಹಣೆಗೆ ಉಪಯೋಗ ಆಗತೈತಿ ಅಂತ ಬರದ್ರು. ಹಂಗಂತ ಎಲ್ಲಾ ಬೆಂಕಿನೂ ಛಲೋ ಅಂತ ನಾ ಹೇಳಾಕತ್ತಿಲ್ಲ. ಹೊಲದಾಗಿನ ಕಸಾ ಸುಡೂದು ಬ್ಯಾರೆ ಮಾತು.

ಈಗ ನಮ್ಮ ಹೊಲ. ಒಂದ ಬೀಜ, ಎಲ್ಲಾದಕ್ಕೂ ಟ್ರೈಕೋಡರ್ಮಾ. ಅರ್ಧ ನನ್ನ ಲೆಕ್ಕದಾಗ ಉತ್ತರಿಗೆ, ಅರ್ಧ ದೊಡ್ಡಪ್ಪ ಹೂಂ ಅಂದಾಗ, ಅಂದ್ರ ಹಸ್ತಾ ಮುಗೀತಾ ಬಂದಾಗ ಬಿತ್ತಿದ್ವಿ. ಪ್ರತಿ ಕಡೆ ಹತ್ತು ಸಾಲು, ಆಯ್ತವಾರಕ್ಕೊಮ್ಮೆ ಇಬ್ಬರೂ ಕೂಡಿ ಸತ್ತ ಗಿಡ ಎಣಿಸಿದ್ವಿ. ನನ್ನ ಕಡೆ ಕಡೀಕ 212, ಅಂವನ ಕಡೆ 61.

ಆದ್ರ ಪೂರ್ತಿ ಗೆದ್ದಿಲ್ಲ ಅಂವ. ಅಂವನ ಭಾಗದಾಗ ಕರ್ಲದ ಮೂಲಿಯೊಳಗ ಹಸಿ ಹೋಗಿ ಬೀಜ ಸರಿಯಾಗಿ ಹುಟ್ಟಲಿಲ್ಲ, ಅಲ್ಲಿ ನನ್ನ ಕಡ್ಲಿನ ಛಲೋ ಇತ್ತು. ಹೇಳಿದ್ರ ಬೇಜಾರಾದಾನು ಅಂತ ಎರಡು ದಿನ ಸುಮ್ಮನಿದ್ದೆ. ಮೊದ್ಲು ಹೇಳತೇನಿ ಅಂತ ಮಾತು ಕೊಟ್ಟಿದ್ದೆ ನೋಡ್ರಿ, ಹೇಳಿದೆ. "ಕರ್ಲಕ್ಕ ಬ್ಯಾರೆ ದಿನ ಹಿಡೀಬೇಕಿತ್ತು, ನಂದ ತಪ್ಪು. ಬರಕೋ" ಅಂದ.

ಈ ವರ್ಷ ಕರ್ಲ ಬ್ಯಾರೆ, ಎರಿ ಬ್ಯಾರೆ. ಒಂದು ಪಟ್ಟಿಗೆ ಸೂಪರ್ ಅಣ್ಣಿಗೇರಿ-1 ಹಾಕತೇನಿ, ಅದಕ್ಕ ಸಿಡಿ ತಡಿಯೂ ಗುಣ ಸೇರಿಸ್ಯಾರ. ನಿಮ್ಮ ಹೊಲದಾಗೂ ಹತ್ತು ಸಾಲು ಬಿಟ್ಟು ಎಣಿಸೋರಿದ್ರ ಹೇಳ್ರಿ, ವಹಿ ತಗೊಂಡು ಬರತೇನಿ. ದೊಡ್ಡಪ್ಪನೂ ಬರತಾನಂತ, ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಹೋಗಬೇಕು ಅಷ್ಟ.