ಎಲೆತಟ್ಟೆಯ ಹೊತ್ತು

ಜುಲೈ 6, 2025, ಭಾನುವಾರ

ಮಳೆ ಬಿಡುವು ಕೊಡುತ್ತಿಲ್ಲ. ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ ಡಾಕ್ಟರು. ಸಾಗರದ ಈ ಸೀಮೆಯ ಆಷಾಢದಲ್ಲಿ ಅಂಗಳಕ್ಕಿಳಿದರೆ ಪಾಚಿಯಲ್ಲಿ ಜಾರುವುದೇ ಹೆಚ್ಚು. ಹಾಗಾಗಿ ಅಪ್ಪನ ನಡಿಗೆ ಜಗಲಿಗೆ ಬಂದಿದೆ. ರೇಡಿಯೋದಲ್ಲಿ ವಾರ್ತೆ ಶುರುವಾದ ಕೂಡಲೇ ಏಳುತ್ತಾರೆ. ಗಡಿಯಾರ ನೋಡಿ ಏಳುವವರಲ್ಲ ಅವರು. ಮೊದಲೇ ಇರುವ ರೂಢಿಗೆ ಹೊಸದನ್ನು ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ದವಡೆಯ ವ್ಯಾಯಾಮವನ್ನೂ ಹಾಗೇ ಕಾಫಿಯ, ಊಟದ ಬೆನ್ನಿಗೆ ಇಟ್ಟಿದ್ದೇನೆ. ಮೊದಲು ಎಲೆತಟ್ಟೆ ಎಳೆದುಕೊಳ್ಳುತ್ತಿದ್ದ ಹೊತ್ತು ಅದು. ಈಗ ಅದೇ ಹೊತ್ತಿಗೆ ಐಸ್‌ಕ್ರೀಂ ಕಡ್ಡಿಗಳ ಕಟ್ಟು ಕೈಗೆ ಬರುತ್ತದೆ. ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು ತೂರಿಸಲು ನೋಡುವುದು. ಬಾಯಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಮುಗಿದು ಎಷ್ಟೋ ತಿಂಗಳಾದ ಮೇಲೂ ದವಡೆ ಬಿಗಿಯುತ್ತಾ ಹೋಗುತ್ತದೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದನ್ನು ದವಡೆ ಬಿಗಿತವೆಂದೇ ಲೆಕ್ಕ ಹಿಡಿಯುತ್ತಾರೆ. "ಒಂದು ದಿನ ಬಿಟ್ರೆ ಒಂದು ಕಡ್ಡಿ ಕಮ್ಮಿ ಆಗ್ತದೆ," ಎನ್ನುತ್ತಾರೆ ಅಪ್ಪ.

ಆಗಸ್ಟ್ 3, ಭಾನುವಾರ

ಅಣ್ಣ ಫೋನಿನಲ್ಲಿ, "ಅಪ್ಪಂಗೆ ಸೋಮಾರಿತನ, ನೀನು ಸ್ವಲ್ಪ ಜೋರು ಮಾಡು" ಅಂದ. ನಾನು ಜೋರು ಮಾಡಲಿಲ್ಲ, ರಕ್ತ ಪರೀಕ್ಷೆ ಮಾಡಿಸಿದೆ. ಕುತ್ತಿಗೆಗೆ ವಿಕಿರಣ ಬಿದ್ದವರಲ್ಲಿ ಥೈರಾಯ್ಡ್ ಗ್ರಂಥಿ ಮೆಲ್ಲಗೆ ಸೋಲುವುದು ಅಪರೂಪವಲ್ಲ. ಅದಕ್ಕೇ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಸಬೇಕು. ಮಧ್ಯಾಹ್ನವೆಲ್ಲ ಮಲಗುತ್ತಿದ್ದುದು, ಎರಡು ಕಂಬಳಿ ಹೊದ್ದರೂ ಚಳಿ ಅನ್ನುತ್ತಿದ್ದುದು ಎಲ್ಲಕ್ಕೂ ವರದಿಯಲ್ಲಿ ಉತ್ತರ ಇತ್ತು. ಮಾತ್ರೆ ಶುರುವಾಗಿದೆ. ಇಂಥ ಕಾಯಿಲೆ ದಾಟಿ ಬಂದವರಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ನೋಡಲು ಬಂದವರೆಲ್ಲ ತುಪ್ಪ ಬಿಡಿ, ಎಣ್ಣೆ ಬಿಡಿ ಅನ್ನುತ್ತಾರೆ. ಅಪ್ಪನ ತೂಕ ಇಳಿದಿದೆ, ಏರಿಲ್ಲ! ಗಂಜಿಗೆ ತುಪ್ಪ ಬೀಳಲೇಬೇಕು, ಹೆಸರುಬೇಳೆ ತೊವ್ವೆ ದಿನಾ ಬೇಕು. ಜೊಲ್ಲು ಒಣಗಿದ ಬಾಯಿಗೆ ಮೆಣಸು ಹಾಕದ ಒಂದೆಲಗದ ತಂಬುಳಿಯಷ್ಟು ಹಿತ ಬೇರೆ ಯಾವುದೂ ಇಲ್ಲ. ಜೊಲ್ಲಿಲ್ಲದೆ ಹಲ್ಲು ಬೇಗ ಹುಳುಕಾಗುತ್ತದೆ. ವಿಕಿರಣ ತಾಗಿದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಉಳಿಯುವ ಭಯ. ಫ್ಲೋರೈಡ್ ಪೇಸ್ಟನ್ನು ಬಚ್ಚಲುಮನೆಯಲ್ಲಿ ಕಣ್ಣಿಗೆ ಬೀಳುವಲ್ಲೇ ಇಟ್ಟಿದ್ದೇನೆ.

ಆಗಸ್ಟ್ 28, ಗುರುವಾರ

ನಿನ್ನೆ ಚೌತಿ. ನೆಂಟರ ಮನೆಯಲ್ಲಿ ಊಟದ ಮೇಲೆ ತಟ್ಟೆ ಬಂತು. "ಹೊಗೆಸೊಪ್ಪು ಬೇಡ, ಬರೀ ಎಲೆ ಅಡಿಕೆ ಹಾಕು, ಅದರಿಂದ ಏನೂ ಆಗ್ತಿಲ್ಲೆ," ಎಂದರು ಹಿರಿಯರೊಬ್ಬರು, ಪ್ರೀತಿಯಿಂದಲೇ. ಅಪ್ಪ ತಾಂಬೂಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ನನ್ನ ಚೀಲಕ್ಕೆ ಹಾಕಿದರು. ಮರ್ಯಾದೆಯೂ ಉಳಿಯಿತು, ಬಾಯಿಯೂ ಉಳಿಯಿತು.

ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ನನ್ನ ಕಾಲೇಜು ಫೀಸು, ಈ ಮನೆಯ ಹಂಚು, ಅಪ್ಪನ ಆಪರೇಶನ್ನಿನ ದುಡ್ಡು, ಎಲ್ಲವೂ ತೋಟದ ಅಡಿಕೆಯಿಂದ ಬಂದದ್ದು. ಆದರೂ ಈ ಮಾತನ್ನು ನಮ್ಮೂರಿನಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಆಪರೇಶನ್ ಗಡ್ಡೆಯನ್ನು ತೆಗೆದೀತು. ಅಷ್ಟೇ ವರ್ಷ ಅಡಿಕೆ ಉಂಡ ಉಳಿದ ಬಾಯಿ ಹಾಗೇ ಇದೆ. ಹೊಸ ಗಡ್ಡೆ ಇನ್ನೊಂದು ಕಡೆ ಹುಟ್ಟಬಹುದು ಎಂದು ಪ್ರತಿ ತಪಾಸಣೆಯಲ್ಲೂ ಎಚ್ಚರಿಸುತ್ತಾರೆ.

ನವೆಂಬರ್ 22, ಶನಿವಾರ

ಕೊಯ್ಲು ಶುರುವಾಗಿದೆ. ನಾನು ಹೆದರಿದ್ದುದು ಇದಕ್ಕೇ. ರಾತ್ರಿ ಅಂಗಳದಲ್ಲಿ ಸುಲಿಯುವವರು ಸಾಲಾಗಿ ಕೂರುತ್ತಾರೆ, ಅಡಿಕೆ ಬೇಯುವ ವಾಸನೆ, ಮಾತು, ನಡುವೆ ಕವಳದ ಸಂಚಿ ಕೈಯಿಂದ ಕೈಗೆ. ಅಪ್ಪನಿಗೆ ಅಲ್ಲಿಗೆ ಬರಬೇಡಿ ಎನ್ನುವುದು ಕ್ರೂರ. ಒಂಟಿಯಾಗಿ ಒಳಗೆ ಕೂತವರು ಕದ್ದಾದರೂ ಹಾಕುತ್ತಾರೆ. ಅದಕ್ಕೆ ಕೆಲಸದವರ ಮನೆಗಳಿಗೆ ಮೊದಲೇ ಹೋಗಿ ಕೇಳಿಕೊಂಡೆ: ನಮ್ಮ ಅಂಗಳದಲ್ಲಿ ಮಾತ್ರ ಸಂಚಿ ಬಿಚ್ಚಬೇಡಿ. ಹುರಿದ ಶೇಂಗಾ, ಬೆಲ್ಲ, ಶುಂಠಿ ಕಷಾಯ ನಾನು ಕೊಡುತ್ತೇನೆ. ಯಾರೂ ಬೇಸರಿಸಲಿಲ್ಲ. ಅಪ್ಪನಿಗೆ ಶೇಂಗಾ ಆಗದು, ಕಷಾಯವೂ ಉರಿ. ಅವರಿಗೆ ಬೆಚ್ಚಗಿನ ಹಾಲು.

ಕುತ್ತಿಗೆಯ ಆಪರೇಶನ್ನಿನ ನಂತರ ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡೀ ಮಾಡೀ ಈಗ ಅಟ್ಟದ ಅಂಚು ಮುಟ್ಟುತ್ತಾರೆ. ಇವತ್ತು ಮೆಟ್ಟುಗತ್ತಿಯ ಮುಂದೆ ಅವರೂ ಕೂತರು.

ನವೆಂಬರ್ 29, ಶನಿವಾರ

ಸುಲಿಯಲು ಬರುವ ಹೆಂಗಸೊಬ್ಬರು ಕಷಾಯ ಕುಡಿಯದೆ ಪಕ್ಕಕ್ಕಿಟ್ಟರು. ಖಾರ ತಾಗಿದರೆ ಬಾಯೆಲ್ಲ ಉರಿಯುತ್ತದಂತೆ, ವರ್ಷದಿಂದ. ಅಪ್ಪ ಕತ್ತಿ ಬಿಟ್ಟು ಎದ್ದು ಬಂದರು. "ಮೂರು ಬೆರಳು ಒಟ್ಟಿಗೆ ಬಾಯಿಗೆ ಹೋಗ್ತದಾ ನೋಡು" ಅಂದರು. ಎರಡೇ ಹೋದವು. ಕೆನ್ನೆಯ ಒಳಗೆ ಟಾರ್ಚು ಬಿಟ್ಟು ನೋಡಿದೆ, ಬೆಳ್ಳಗೆ ಬಿಗಿದುಕೊಂಡಿದೆ. ಅಡಿಕೆಯಿಂದ ಹೀಗಾಗುತ್ತದೆ; ಇದು ಕ್ಯಾನ್ಸರಿಗೆ ತಿರುಗುವುದೂ ಉಂಟು. ಡಾಕ್ಟರಿಗೆ ತೋರಿಸಲು ಹೋದರೆ ಕೂಲಿ ತಪ್ಪುತ್ತದೆಂಬ ಚಿಂತೆ ಆಕೆಗೆ. ಆ ದಿನದ ಕೂಲಿ ನಾವು ಕೊಡುವುದೆಂದು ಅಮ್ಮ ಹೇಳಿದಳು. ಸೋಮವಾರ ಅಪ್ಪನ ತಪಾಸಣೆ ಇದ್ದೇ ಇದೆ, ಮೊದಲ ಬಸ್ಸಿಗೆ ಆಕೆಯೂ ನಮ್ಮ ಜೊತೆ ಬರುತ್ತಾರೆ.