ಅಜ್ಜಿಯ ಹುಣಸೆಹಣ್ಣು ಮತ್ತು ಎಸ್ಕ್‌ಡೇಲ್‌ಮ್ಯೂರ್

ನಮ್ಮ ಹೊಲದ ಬದುವಿನಾಚೆ ಒಂದು ಕಾಂಕ್ರೀಟು ಮುಚ್ಚಳವಿತ್ತು. ಗೌರಿಬಿದನೂರಿನ ಸುತ್ತ ಅಂಥವು 20 ಇವೆ ಎಂದು ಗೊತ್ತಾಗುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಚಿಕ್ಕಂದಿನಲ್ಲಿ ನಮಗೆ ಅದು ಬರೀ ‘ಭೂಕಂಪದ ಗುಂಡಿ’. ಭೂಕಂಪವನ್ನು ಹಿಡಿದು ಅದರೊಳಗೆ ಕೂಡಿಹಾಕಿದ್ದಾರೆ, ಮುಚ್ಚಳ ತೆಗೆದರೆ ಊರಿಗೆ ಊರೇ ಅಲ್ಲಾಡುತ್ತದೆ ಎಂದು ಅಣ್ಣ ಹೇಳಿದ್ದ. ಆಗಾಗ ಜೀಪಿನಲ್ಲಿ ಒಬ್ಬರು ಬಂದು ಮುಚ್ಚಳ ತೆಗೆದು ನೋಡಿಹೋಗುತ್ತಿದ್ದರು, ಊರು ಅಲ್ಲಾಡುತ್ತಿರಲಿಲ್ಲ. ಅವರಿಗೆ ಮಂತ್ರ ಗೊತ್ತು ಎಂದು ಅಣ್ಣ ಅದಕ್ಕೂ ಸಮಾಧಾನ ಹೇಳಿದ್ದ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಮಗಳ ಮನೆಗೆ ಹೋದೆ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿರುವ ಕಾರ್ಲೈಲ್ ಅವಳ ಊರೀಗ.

“ಎಲ್ಲಿಗೆ ಹೋಗೋಣಪ್ಪ? ಎಡಿನ್‌ಬರೋ ಕೋಟೆ ನೋಡ್ತೀಯಾ, ಲೇಕ್ ಡಿಸ್ಟ್ರಿಕ್ಟಾ?”

“ಎಸ್ಕ್‌ಡೇಲ್‌ಮ್ಯೂರ್.”

ಅವಳು ಫೋನಿನ ನಕಾಶೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. “ಬರೀ ಹಸಿರು ಬಣ್ಣ ಕಾಣ್ತಾ ಇದೆ. ಅಲ್ಲೇನಿದೆ?”

“ನಮ್ಮ ಹೊಲದ ಗುಂಡಿಯ ಅಕ್ಕ ಇದ್ದಾಳೆ.”

ಸುಳ್ಳಲ್ಲ. ನೆಲದಡಿ ಗುಟ್ಟಾಗಿ ಅಣುಬಾಂಬು ಸಿಡಿಸಿದರೆ ಪತ್ತೆಹಚ್ಚುವುದು ಹೇಗೆಂದು 1958ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಜಿನೀವಾದಲ್ಲಿ ಕೂತು ತಲೆ ಕೆಡಿಸಿಕೊಂಡರು. ಒಂದು ಯಂತ್ರ ಸಾಲದು, ಸಾಲಾಗಿ ಹಲವನ್ನು ಹೂಳಬೇಕು. ದೂರದ ಕಂಪನ ಒಂದೊಂದಕ್ಕೂ ಚೂರುಚೂರು ಹೊತ್ತು ಬಿಟ್ಟು ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಎಲ್ಲ ಯಂತ್ರಗಳ ಗೆರೆಗಳನ್ನು ಹೊಂದಿಸಿ ಕೂಡಿದರೆ ಆಯಾ ಜಾಗದ ಗದ್ದಲ ಅಡಗಿ ನಿಜವಾದ ಸುದ್ದಿ ಮಾತ್ರ ಉಳಿಯುತ್ತದೆ. ಮದುವೆಮನೆಯಲ್ಲಿ ವಾಲಗದ ನಡುವೆಯೂ ಯಾರೋ ತಮ್ಮ ಹೆಸರೆತ್ತಿದ್ದನ್ನು ನಮ್ಮ ಹೆಂಗಸರು ಕೇಳಿಸಿಕೊಳ್ಳುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಬ್ರಿಟನ್ನಿನವರು 1962ರಲ್ಲಿ ಇಂಥದೊಂದು ಸಾಲನ್ನು ಎಸ್ಕ್‌ಡೇಲ್‌ಮ್ಯೂರ್‌ನಲ್ಲಿ ಹೂಳಿದರು. ಅದೇ ಮಾದರಿಯವು ಆಮೇಲೆ ಕೆನಡಾದ ಯೆಲ್ಲೋನೈಫ್‌ನಲ್ಲಿ, ಆಸ್ಟ್ರೇಲಿಯಾದ ವಾರಮುಂಗಾದಲ್ಲಿ, ಮತ್ತು 1965ರಲ್ಲಿ ನಮ್ಮ ಅಣುಶಕ್ತಿ ಇಲಾಖೆಯ ಜೊತೆಗೂಡಿ ಗೌರಿಬಿದನೂರಿನಲ್ಲಿ ಬಂದವು. ಎಸ್ಕ್‌ಡೇಲ್‌ಮ್ಯೂರ್‌ನದು ಸುಮಾರು 9 ಕಿಲೋಮೀಟರಿನ ಎರಡು ಸಾಲು. ನಮ್ಮದರ ತೋಳುಗಳು 20 ಕಿಲೋಮೀಟರನ್ನೂ ಮೀರುತ್ತವೆ. ತಂಗಿಯೇ ಉದ್ದ.

ಏಪ್ರಿಲ್‌ನ ಒಂದು ಶನಿವಾರ ಹೊರಟೆವು. ಲ್ಯಾಂಗಮ್ ಪೇಟೆಯ ಮೇಲಿನ ಗುಡ್ಡದಲ್ಲಿ ನೂರಡಿ ಎತ್ತರದ ಕಲ್ಲಿನ ಕಂಬವೊಂದಿದೆ. ಜಾನ್ ಮಾಲ್ಕಮ್‌ನದು. ಈ ಕಣಿವೆಯ ವೆಸ್ಟರ್‌ಕರ್ಕ್ ಪ್ಯಾರಿಷ್‌ನಲ್ಲಿ 1769ರಲ್ಲಿ ಹುಟ್ಟಿದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಹಂಚಿಹಾಕಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾಗಿದ್ದವನು. ನಾನು ಕಂಬವನ್ನು ನೋಡಿದೆ, ಕೈ ಮುಗಿಯಲಿಲ್ಲ.

ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ. ನಮ್ಮ ಹೋಬಳಿಯ ಗಾತ್ರ ಎನ್ನಬಹುದು, ಜನರನ್ನು ಬಿಟ್ಟು. ಮೊದಲು ವೆಸ್ಟರ್‌ಕರ್ಕ್‌ಗೇ ಸೇರಿದ್ದ ಎಸ್ಕ್‌ಡೇಲ್‌ಮ್ಯೂರ್ 1703ರಲ್ಲಿ ಬೇರೆಯಾಯಿತು. ಅಲ್ಲಿಯ ಹೊಳೆಗಳು ಎರಡು, ಬಿಳಿ ಎಸ್ಕ್ ಮತ್ತು ಕರಿ ಎಸ್ಕ್. ಎರಡೂ ಕೂಡಿ ಬರೀ ಎಸ್ಕ್ ಆಗಿ ತೆಂಕಣಕ್ಕೆ ಹರಿದು, ಸ್ಕಾಟ್‌ಲೆಂಡಿನ ಗಡಿ ದಾಟಿ ಇಂಗ್ಲೆಂಡಿಗೆ ಹೋಗಿ ಸಾಲ್ವೇ ಖಾರಿಗೆ ಬೀಳುತ್ತವೆ. ನಂದಿಯ ಕಡೆ ಹುಟ್ಟಿ ನಮ್ಮೂರ ಪಕ್ಕದಲ್ಲಿ ಹಾದು ಹಿಂದೂಪುರದ ಸೀಮೆಗೆ ದಾಟುವ ಉತ್ತರ ಪಿನಾಕಿನಿ ನೆನಪಾಯಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವನಿಗೆ ಗಡಿ ದಾಟುವ ಹೊಳೆಯ ಮೇಲೆ ಸ್ವಲ್ಪ ಮಮತೆ ಹೆಚ್ಚು. ಆದರೆ ಪಿನಾಕಿನಿಯಲ್ಲಿ ನೀರು ಕಂಡರೆ ಜನ ನೋಡಲು ಹೋಗುತ್ತಾರೆ. ಇಲ್ಲಿ 1953ರ ಜೂನ್ 26ರಂದು ಅರ್ಧ ಗಂಟೆಯಲ್ಲಿ 80 ಮಿಲಿಮೀಟರ್ ಮಳೆ ಸುರಿದು ಬ್ರಿಟನ್ನಿಗೇ ದಾಖಲೆಯಾಯಿತು. ಬಿಳಿ ಎಸ್ಕ್‌ನ ದಂಡೆಯಲ್ಲಿ ‘ಗರ್ಡಲ್ ಸ್ಟೇನ್ಸ್’ ಎಂಬ ಕಲ್ಲುಗಳ ಬಳೆಯಿದೆ, ಸಾವಿರಾರು ವರ್ಷ ಹಳೆಯದು. ಬಳೆಯ ಒಂದು ಭಾಗವನ್ನು ಹೊಳೆ ಕೊರೆದು ನುಂಗಿದೆ. ಉಳಿದ ಕಲ್ಲುಗಳ ನಡುವೆ ಕುರಿಗಳು ಮೇಯುತ್ತಿದ್ದವು.

ಈ ಸೀಮೆಯ ಬಗ್ಗೆ ನನಗಿದ್ದ ಅಕ್ಕರೆಯ ಅರ್ಧ ಒಬ್ಬ ಪಾದ್ರಿಗೆ ಸಲ್ಲಬೇಕು. 1790ರಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬ ಜಮೀನುದಾರ ಸ್ಕಾಟ್‌ಲೆಂಡಿನ ಒಂಬೈನೂರಕ್ಕೂ ಮೇಲ್ಪಟ್ಟ ಪ್ಯಾರಿಷ್‌ಗಳ ಪಾದ್ರಿಗಳಿಗೆಲ್ಲ 160 ಪ್ರಶ್ನೆಗಳ ಪಟ್ಟಿ ಕಳಿಸಿದ: ನಿಮ್ಮಲ್ಲಿ ಜನ ಎಷ್ಟು, ಕುರಿ ಎಷ್ಟು, ಮಣ್ಣು ಯಾವುದು, ಕೂಲಿ ಏನು. ಉತ್ತರಗಳು 21 ಸಂಪುಟ ತುಂಬಿದವು. ಸರ್ಕಾರಿ ನಮೂನೆ ತುಂಬುವುದರಲ್ಲಿ ಆಯಸ್ಸು ಕಳೆದವನಾದ ನಾನು ಆ ಪಾದ್ರಿಗಳಿಗೆ ಮನಸಾರೆ ಮರುಗುತ್ತೇನೆ. ಎಸ್ಕ್‌ಡೇಲ್‌ಮ್ಯೂರ್‌ನ ವಿಲಿಯಂ ಬ್ರೌನ್ ಮಾತ್ರ ಕೇಳಿದ್ದಕ್ಕಿಂತ ಜಾಸ್ತಿ ಬರೆದ. ಎರಡು ಎಸ್ಕ್‌ಗಳು ಕೂಡುವ ಜಾಗದಲ್ಲಿ ಹಿಂದೆ ವರ್ಷಕ್ಕೊಂದು ಜಾತ್ರೆ ನೆರೆಯುತ್ತಿತ್ತಂತೆ. ಮದುವೆಯಾಗದ ಗಂಡುಹೆಣ್ಣು ಅಲ್ಲಿ ತಮಗೆ ಬೇಕಾದವರ ಕೈ ಹಿಡಿದು, ಮುಂದಿನ ಜಾತ್ರೆಯವರೆಗೆ ಜೊತೆಯಲ್ಲಿ ಬಾಳುವುದು. ಒಗ್ಗಿದರೆ ಸರಿ, ಬಾಳೆಲ್ಲ ಜೊತೆ. ಒಗ್ಗದಿದ್ದರೆ ಅದೇ ಜಾತ್ರೆಯಲ್ಲಿ ಕೈ ಬಿಟ್ಟು ಬೇರೆಯವರನ್ನು ಹುಡುಕುವುದು. ಮೆಲ್‌ರೋಸ್ ಮಠದ ಸನ್ಯಾಸಿಯೊಬ್ಬ ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಆಗಾಗ ಬಂದು ಇಂಥ ಮದುವೆಗಳಿಗೆ ಮುದ್ರೆ ಒತ್ತಿಹೋಗುತ್ತಿದ್ದನಂತೆ. ಪಾದ್ರಿ ಬರೆದದ್ದು ಊರಲ್ಲಿ ಕೇಳಿದ ಮಾತು, ತಾನು ಕಂಡದ್ದಲ್ಲ. ಮಗಳಿಗೆ ಇದನ್ನು ಹೇಳಿದೆ. “ಒಳ್ಳೇ ವ್ಯವಸ್ಥೆ” ಅಂದಳು. ವರನ ಮಾತೆತ್ತಲು ಕಾದಿದ್ದ ನಾನು ಸುಮ್ಮನಾದೆ.

ಕುರಿ ಈ ನಾಡಿನ ನಿಜವಾದ ಪ್ರಜೆ. ಹದಿನೇಳನೇ ಶತಮಾನದಲ್ಲೊಮ್ಮೆ 13 ದಿನ ಬಿಡದೆ ಹಿಮ ಬಿದ್ದು, 20,000 ಕುರಿ ಮೇಯುತ್ತಿದ್ದ ಈ ಬೋರೆಯಲ್ಲಿ 45 ಮಾತ್ರ ಉಳಿದವು ಎಂದು ಪಕ್ಕದ ಎಟ್ರಿಕ್‌ನ ಕುರುಬ ಕವಿ ಜೇಮ್ಸ್ ಹಾಗ್ ಕೇಳಿದ್ದನ್ನು ಬರೆದಿಟ್ಟಿದ್ದಾನೆ. 1794ರ ಜನವರಿಯ ಹಿಮಗಾಳಿಯನ್ನು ಅವನು ಕಣ್ಣಾರೆ ಕಂಡಿದ್ದ. ಅದರ ಹಿಂದೆಯೇ ಬಂದ ಪ್ರವಾಹ ಇಳಿದ ಮೇಲೆ ಸಾಲ್ವೇಯ ಮರಳಿನಲ್ಲಿ ಸಿಕ್ಕ ಹೆಣಗಳ ಲೆಕ್ಕವೂ ಅವನಲ್ಲಿದೆ: ಕುರಿ 1,840, ದನ 9, ಕುದುರೆ 3, ಗಂಡಸರು 2, ಹೆಂಗಸು 1, ನಾಯಿ 45, ಮೊಲ 180. ಲೆಡ್ಜರು ಬರೆದು ಬರೆದು ಅಂಕಿ ಕಂಡರೆ ಏನೂ ಅನ್ನಿಸದಂತಾಗಿದ್ದ ನನ್ನನ್ನು ಆ ‘ಹೆಂಗಸು 1’ ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಈಗ ಕುರಿಯೂ ಕಡಿಮೆ. ಗುಡ್ಡಗಳ ಮೇಲೆಲ್ಲ ಸಿಟ್ಕಾ ಸ್ಪ್ರೂಸ್ ಮರಗಳನ್ನು ಹಚ್ಚಿದ್ದಾರೆ, ನಮ್ಮ ಬಯಲುಸೀಮೆಗೆ ನೀಲಗಿರಿ ಬಂದ ಹಾಗೆ. ಆ ಮರಗಳ ಕೆಳಗೆ ಹುಲ್ಲೂ ಇಲ್ಲ, ಮನೆಯೂ ಇಲ್ಲ.

ಜನ ಕಡಿಮೆ ಇರುವುದೇ ಈ ಜಾಗಕ್ಕೆ ಬೆಲೆ ತಂದದ್ದು. ಲಂಡನ್ನಿನ ಕ್ಯೂನಲ್ಲಿ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದ ಮುಳ್ಳುಗಳು ವಿದ್ಯುತ್ ಟ್ರಾಮು ಓಡಲು ಶುರುವಾದದ್ದೇ ತಡ ನಡುಗತೊಡಗಿದವು. ಟ್ರಾಮೂ ರೈಲೂ ಹತ್ತಿರ ಸುಳಿಯದ ಜಾಗ ಹುಡುಕಿ ಇಲ್ಲಿ ವೀಕ್ಷಣಾಲಯ ಕಟ್ಟಿ 1908ರಲ್ಲಿ ತೆರೆದರು. 1913ರಿಂದ ಮೂರು ವರ್ಷ ಅದರ ಮುಖ್ಯಸ್ಥನಾಗಿದ್ದವನು ಲೂಯಿಸ್ ಫ್ರೈ ರಿಚರ್ಡ್‌ಸನ್. ನಾಳಿನ ಹವೆಯನ್ನು ಲೆಕ್ಕ ಹಾಕಿ ಹೇಳಬಹುದೆಂದು ಪಟ್ಟು ಹಿಡಿದ ಆಸಾಮಿ. ಯುದ್ಧ ಒಲ್ಲದ ಕ್ವೇಕರ್ ಪಂಥದವನಾದ್ದರಿಂದ ಕೆಲಸ ಬಿಟ್ಟು ಫ್ರಾನ್ಸಿನ ರಣರಂಗದಲ್ಲಿ ಆಂಬುಲೆನ್ಸ್ ಓಡಿಸಿದ. ಬಿಡುವಿನಲ್ಲಿ ಹುಲ್ಲಿನ ಮೆದೆಯ ಮೇಲೆ ಕೂತು 1910ರ ಒಂದು ದಿನದ ಹವೆಯನ್ನು ಕೈಯಲ್ಲೇ ಲೆಕ್ಕ ಹಾಕಿದ. ಆರು ಗಂಟೆಯಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ನಿಜವಾಗಿ ಆ ದಿನ ಅದು ಹೆಚ್ಚುಕಮ್ಮಿ ಅಲುಗಾಡಿಯೇ ಇರಲಿಲ್ಲ. ಯುದ್ಧದಲ್ಲಿ ಕಳೆದುಹೋದ ಹಸ್ತಪ್ರತಿ ತಿಂಗಳುಗಳ ಮೇಲೆ ಬೆಲ್ಜಿಯಂನ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. ತಪ್ಪು ಉತ್ತರವನ್ನು ಮುಚ್ಚಿಡದೆ 1922ರಲ್ಲಿ ಅಚ್ಚು ಹಾಕಿಸಿದ. ಇಂದು ಜಗತ್ತಿನ ಹವಾಮಾನ ಕಂಪ್ಯೂಟರುಗಳು ಹೆಚ್ಚಾಗಿ ಮಾಡುವುದು ಅವನ ಬಗೆಯ ಲೆಕ್ಕವನ್ನೇ.

ರಸ್ತೆಯ ತಿರುವಿನಲ್ಲಿ ಪ್ರಾರ್ಥನೆಯ ಬಾವುಟಗಳು ಪಟಪಟ ಅನ್ನುತ್ತಿದ್ದವು: ಸಮ್ಯೆ ಲಿಂಗ್. ಬೇಟೆಗೆ ಬರುವವರ ಬಂಗಲೆಯಾಗಿದ್ದ ಮನೆಯಲ್ಲಿ ಇಬ್ಬರು ಟಿಬೆಟನ್ ಲಾಮಾಗಳು 1967ರಲ್ಲಿ ತೆರೆದ ಮಠ. ನಮ್ಮ ಬೈಲುಕುಪ್ಪೆ ಅದಕ್ಕಿಂತ ಕೆಲವು ವರ್ಷ ಹಳೆಯದು. ಹೊಗೆಯಾಡುವ ಊದುಬತ್ತಿಯ ವಾಸನೆಗೆ ಮಗಳು ಕಿಟಕಿ ಇಳಿಸಿ, “ಮೈಸೂರಿಂದು ಇರಬೇಕಪ್ಪ” ಅಂದಳು.

ಕೊನೆಗೆ ಅಕ್ಕನ ಸೀಮೆ ಬಂತು. ಬೇಲಿ, ಒದ್ದೆ ಹುಲ್ಲು, ಆಗಷ್ಟೇ ಹುಟ್ಟಿದ ಮರಿಗಳು. ನೋಡಲು ಏನೂ ಇಲ್ಲ, ಇರಬಾರದು ಕೂಡ. ಗಾಳಿಗಿರಣಿಗಳು ತಿರುಗಿದರೆ ಕಂಬದ ಮೂಲಕ ನೆಲಕ್ಕೆ ಇಳಿಯುವ ನಡುಕ ಈ ಯಂತ್ರಗಳ ಕಿವಿ ಕೆಡಿಸುತ್ತದೆಂದು 10 ಕಿಲೋಮೀಟರಿನೊಳಗೆ ಅವನ್ನು ಹಾಕುವಂತಿಲ್ಲ. 50 ಕಿಲೋಮೀಟರಿನೊಳಗಿನ ಗಿರಣಿಗಳೆಲ್ಲ ಸೇರಿ ಮಾಡಬಹುದಾದ ನಡುಕಕ್ಕೆ ಒಂದು ಮಿತಿ ಇಟ್ಟಿದ್ದಾರೆ: 0.336 ನ್ಯಾನೋಮೀಟರ್, ಅಂದರೆ ಒಂದೆರಡು ಅಣುವಿನ ಅಗಲ. ಇದಕ್ಕಾಗಿ ಗಿರಣಿ ಕಂಪನಿಗಳಿಗೂ ರಕ್ಷಣಾ ಇಲಾಖೆಗೂ ವರ್ಷಗಟ್ಟಲೆ ಜಗ್ಗಾಟ. 1988ರ ಡಿಸೆಂಬರ್ 21ರ ರಾತ್ರಿ ಹತ್ತಿರದ ಲಾಕರ್‌ಬಿ ಪೇಟೆಯ ಮೇಲೆ ಬಾಂಬಿಗೆ ಒಡೆದ ವಿಮಾನ ನೆಲಕ್ಕೆ ಬಿದ್ದ ಏಟನ್ನು ಎಸ್ಕ್‌ಡೇಲ್‌ಮ್ಯೂರ್ ಗೆರೆಯಾಗಿ ಬರೆದುಕೊಂಡಿತ್ತು. ಹತ್ತು ವರ್ಷದ ಮೇಲೆ ಪಾಕಿಸ್ತಾನ ಚಾಗೈಯಲ್ಲಿ ಬಾಂಬು ಸಿಡಿಸಿದ್ದನ್ನು ಗೌರಿಬಿದನೂರು ಬರೆದುಕೊಂಡಿತು. ನಾನು ಬೇಲಿಯ ಬಳಿ ಕಾಲು ಮೆಲ್ಲಗೆ ಇಡುತ್ತಿದ್ದುದನ್ನು ನೋಡಿ ಮಗಳು ನಕ್ಕಳು.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಲ್ಯಾಂಗಮ್‌ಗೆ ಇಳಿದ ಮೇಲೆ ಅಣ್ಣನಿಗೆ ಹಚ್ಚಿದೆ. ಅಕ್ಕನ ಕಥೆ, 0.336ರ ಕಥೆ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, “ನಮ್ಮಜ್ಜಿ ಅದರ ಮೇಲೇ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೀತಿದ್ದಳಲ್ಲೋ, ಮರೆತೆಯಾ?” ಅಂದ.

ಮರೆತಿದ್ದೆ. ಬಿಸಿಲು ಕಾದ ಮುಚ್ಚಳ, ಗುಂಡುಕಲ್ಲು, ಟಕ್ ಟಕ್ ಟಕ್. ಜೀಪಿನವರು ಬಂದು ಚಪ್ಪಲಿ ಬಿಟ್ಟು ನಿಂತು, “ಅಜ್ಜೀ, ಸ್ವಲ್ಪ ಆ ಕಡೆ ಕೂತು ಜಜ್ಜಬಾರದಾ? ನೀವು ಕುಟ್ಟಿದ್ದೆಲ್ಲ ಅಲ್ಲಿ ಕಾಗದದ ಮೇಲೆ ಬೀಳ್ತದೆ” ಅಂದಿದ್ದರು.

ಅಜ್ಜಿ ತಲೆ ಎತ್ತಲಿಲ್ಲ. “ಬೀಳಲಿ ಬಿಡಪ್ಪ. ನಮ್ಮ ಮರದ್ದೇ ಹಣ್ಣು, ಕದ್ದಿದ್ದೇನಲ್ಲ.”