ಹಡಗಿನ ಪರ್ಮಿಟ್ಟು, ಹಿತ್ತಲಿನ ಗುಂಡಿ

ಹಡಗಿನವರ ಹೆಂಡತಿ ಎಂದರೆ ಸೆಂಟು, ಚಾಕೊಲೇಟು, ಫಾರಿನ್ ಸೀರೆ ಎಂದು ತಿಳಿದವರೇ ನಮ್ಮ ಮಂಗಳೂರಿನಲ್ಲಿ ಹೆಚ್ಚು. ನನಗೆ ಅಲ್ಲಿಂದ ಬಂದದ್ದು ಒಂದು ಹೆದರಿಕೆ; ಒಳ್ಳೆಯ ಹೆದರಿಕೆ.

ಇವರು ಕಚ್ಚಾ ತೈಲದ ಟ್ಯಾಂಕರಿನಲ್ಲಿ ಚೀಫ್ ಆಫೀಸರ್ ಆಗಿದ್ದಾಗ ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಹತ್ತಿದ ದಿನವೇ ಲೈಫ್ ಜಾಕೆಟ್ ತೊಡಿಸಿದರು. ಹಾರ್ನು ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಮೊಳಗಿದರೆ ಎಲ್ಲಿ ಬಂದು ನಿಲ್ಲಬೇಕೆಂದು ತೋರಿಸಿದರು. ಅಡುಗೆಮನೆಯಲ್ಲಿ ಕಸಕ್ಕೆ ಬೇರೆ ಬೇರೆ ಡಬ್ಬ. ಪ್ಲಾಸ್ಟಿಕ್ಕಿನ ಚೂರೂ ಸಮುದ್ರಕ್ಕೆ ಬೀಳಕೂಡದು. ಎಂಜಿನ್ ರೂಮಿನ ತಳದ ನೀರನ್ನು ಹೊರಗೆ ಬಿಡಬೇಕಾದರೂ ಅದರಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಬಾರದು. ಬಿಟ್ಟದ್ದಕ್ಕೆ ಪುಸ್ತಕದಲ್ಲಿ ಲೆಕ್ಕ, ಸಹಿ. 1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಬಂಡೆಗೆ ಬಡಿದು ಸುಮಾರು 37,000 ಟನ್ ಎಣ್ಣೆ ಚೆಲ್ಲಿತು. ಹೊಸ ಟ್ಯಾಂಕರುಗಳಿಗೆ ಎರಡು ಪದರದ ಒಡಲು ಕಡ್ಡಾಯವಾದದ್ದು ಆಮೇಲೆ.

ನನ್ನ ಮನಸ್ಸಿನಲ್ಲಿ ಕೂತದ್ದು ಮಾತ್ರ ಖಾಲಿ ಟ್ಯಾಂಕಿನ ವಿಷಯ. ಎಣ್ಣೆಯ ಆವಿ ಹೊತ್ತಿಕೊಳ್ಳದಿರಲೆಂದು ಅದರೊಳಗೆ ಇನರ್ಟ್ ಗ್ಯಾಸ್ ತುಂಬಿ, ಆಮ್ಲಜನಕವನ್ನು ಶೇ. 8ಕ್ಕಿಂತ ಕೆಳಗಿಡುತ್ತಾರೆ. ಬೆಂಕಿಗೆ ಸಾಲದ ಗಾಳಿ ಮನುಷ್ಯನ ಉಸಿರಿಗೂ ಸಾಲದು. ಹಾಗಾಗಿ ಯಾರಾದರೂ ಇಳಿಯುವ ಮುಂಚೆ ಹೊಸ ಗಾಳಿ ಹಾಯಿಸಿ, ಅಳೆದು, ಆಮ್ಲಜನಕ ಶೇ. 21 ಇದೆ, ವಿಷಾನಿಲವಿಲ್ಲ ಎಂದಾದರೆ ಮಾತ್ರ ಪರ್ಮಿಟ್ಟಿಗೆ ಸಹಿ. ಬಾಯಿಯ ಬಳಿ ಒಬ್ಬ ಕಾವಲು. ಒಳಗಿನವನು ಕುಸಿದರೆ ಅವನು ತಾನೂ ಇಳಿಯುವಂತಿಲ್ಲ, ಅಲಾರಂ ಕೊಡಬೇಕು.

“ಬಿದ್ದವನು ಸ್ವಂತ ತಮ್ಮನಾದರೆ?” ಎಂದು ಕೇಳಿದೆ.

“ಆಗಲೂ ಅಷ್ಟೇ. ಹಾಗೇ ಇಳಿದರೆ ಎರಡು ಹೆಣ,” ಎಂದರು ಇವರು.

ಕಳೆದ ವರ್ಷ ಪಕ್ಕದ ಮನೆಯ ಶೌಚದ ಗುಂಡಿ ಖಾಲಿ ಮಾಡಲು ಇಬ್ಬರು ಹುಡುಗರು ಬಂದರು. ಒಬ್ಬ ಅಂಗಿ ಕಳಚಿ ಏಣಿ ಇಳಿಸುತ್ತಿದ್ದ. ನಾನು ಬೇಲಿಯ ಈಚೆಯಿಂದಲೇ ಕೂಗಿ ತಡೆದೆ.

“ನಮ್ಮ ಗುಂಡಿ ಅಕ್ಕಾ, ನಿಮಗೇನು?” ಎಂದರು ಮನೆಯೊಡತಿ.

ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ ಎಂದೆ. ಅದು ಅವರಿಗೆ ನಾಟಲಿಲ್ಲ. “ಹುಡುಗನ ಅಮ್ಮನಿಗೆ ಏನು ಹೇಳುತ್ತೀರಿ?” ಎಂದು ಕೇಳಿದಾಗ ಸುಮ್ಮನಾದರು. ಕೊನೆಗೆ ಹೀರುವ ಯಂತ್ರದ ಲಾರಿ ಬಂತು. ಹುಡುಗರಿಗೆ ಕೂಲಿ ತಪ್ಪಿದ ಬೇಸರ. ಅರ್ಧ ನಾನೇ ಕೊಟ್ಟೆ. ಪಕ್ಕದ ಮನೆಯವರು ಇಂದಿಗೂ ನನ್ನೊಡನೆ ಬಿಗುವಾಗಿಯೇ ಇದ್ದಾರೆ. ಇರಲಿ.

ಹಡಗಿನಲ್ಲಿ ಸಹಿ ಹಾಕಲು ಆಫೀಸರಿದ್ದಾರೆ. ಹಿತ್ತಲಿನಲ್ಲಿ ಕೆಲಸದವರನ್ನು ಕರೆಸುವವರು ಹೆಚ್ಚಾಗಿ ನಾವು ಹೆಂಗಸರೇ. ಮುಚ್ಚಳ ತೆಗೆಸುವ ಮುಂಚೆ ಆ ಲಾರಿಗೆ ಒಂದು ಫೋನು ಮಾಡಿ.